ಸಾವಿರ ಬಾಗಿಲಿಗೆ ಮತ್ತೆ ಹೊರಟ ಫಾರಂ ಅಕ್ಕ

ಬೆಳಗಿನ ಐದೂ ಮುಕ್ಕಾಲು. ಲಿಫ್ಟ್ ಇಲ್ಲದ ಹಳೇ ಕಟ್ಟಡ. ಮೂರನೇ ಮಹಡಿಗೆ ಹೋಗುವ ಮೆಟ್ಟಿಲಿನ ತಿರುವಿನಲ್ಲಿ ಅಕ್ಕ ನಿಂತಿದ್ದಾರೆ. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು. ಎಂಟು ಮೆಟ್ಟಿಲು ಹತ್ತುವುದು, ಇಪ್ಪತ್ತು ಎಣಿಸುವುದು, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಎಂಟು ಮೆಟ್ಟಿಲು. ಮೇಲೆ ಹಾಲಿನ ಪ್ಯಾಕೆಟ್ ಹಾಕಿ ಇಳಿದು ಬರುತ್ತಿದ್ದವನು ನಗುತ್ತಾನೆ. "ಏನಕ್ಕಾ, ಇವತ್ತೂ ಗೋಡೆ ಬೀಳದ ಹಾಗೆ ಹಿಡ್ಕೊಂಡಿದ್ದೀರಾ?"

"ಹೂಂ ಕಣಪ್ಪಾ, ನಾನು ಕೈ ಬಿಟ್ರೆ ಬಿದ್ದೋಗುತ್ತೆ. ನೀನು ಬೇಗ ಇಳಿ."

ಇಷ್ಟು ಬೇಗ ಬರುವುದಕ್ಕೆ ಕಾರಣವಿದೆ. ಮೂರನೇ ಮಹಡಿಯ ಮನೆಯಲ್ಲಿರುವ ಕಾವಲುಗಾರ ರಾತ್ರಿ ಪಾಳಿ ಮುಗಿಸಿ ಬರುವುದು ಆರಕ್ಕೆ, ಮಲಗುವುದು ಆರೂವರೆಗೆ. ಆ ಅರ್ಧ ಗಂಟೆ ತಪ್ಪಿದರೆ ಆತ ಸಿಕ್ಕುವುದಿಲ್ಲ. ಬಾಗಿಲು ತೆಗೆದವನಿಗೆ ಅಕ್ಕನನ್ನು ಕಂಡು ಸಿಟ್ಟೇ ಬರುತ್ತದೆ.

"ಮತ್ತೆ ಬಂದ್ರಾ? ಆವತ್ತೇ ಎಲ್ಲಾ ಬರ್ಕೊಂಡು ಹೋದ್ರಲ್ಲ."

"ಆವತ್ತು ತಪ್ಪಾಗಿ ಕೇಳಿದ್ದೆ ಅಣ್ಣಾ. ಇವತ್ತು ಸರಿಯಾಗಿ ಕೇಳೋಕೆ ಬಂದಿದ್ದೀನಿ. ಈ ಏದುಸಿರು ಯಾವತ್ತಿಂದ?"

"ಇಂಜೆಕ್ಷನ್ ಆದ್ಮೇಲಿಂದ. ಎಷ್ಟು ಸಲ ಹೇಳ್ಬೇಕು?"

ಅಕ್ಕ ವಾದಕ್ಕೆ ಇಳಿಯುವುದಿಲ್ಲ. "ಆ ವರ್ಷ ನಿಮ್ಮ ಕಟ್ಟಡದ ನೀರಿನ ಟ್ಯಾಂಕ್ ಬಿರುಕು ಬಿಟ್ಟಿತ್ತಲ್ಲ, ಕೆಳಗಿಂದ ನೀರು ಹೊತ್ತಿದ್ದು ಯಾರು?"

ಉತ್ತರ ಅಡುಗೆಮನೆಯಿಂದ ಬರುತ್ತದೆ. "ಯಾರು ಅಂದ್ರೆ? ನಾನು! ಈ ಮಹಾರಾಯರು ಒಂದು ಬಕೆಟ್ ಹಿಡ್ಕೊಂಡು ಎರಡನೇ ಮಹಡೀಲೇ ಕೂತುಬಿಟ್ರು. ಉಸಿರೇ ಸಿಗ್ತಿಲ್ಲ ಅಂದ್ರು. ಕೆಲಸಗಳ್ಳತನ ಅಂತ ನಾನು ಬೈದಿದ್ದೇ ಬೈದಿದ್ದು."

ಅಕ್ಕ ಪುಟ ತಿರುವುತ್ತಾರೆ. "ಟ್ಯಾಂಕ್ ಬಿರುಕು ಬಿಟ್ಟಿದ್ದು ಫೆಬ್ರವರಿ. ನಿಮಗೆ ಜ್ವರ ಬಂದು ಹೋಗಿದ್ದು ಅದಕ್ಕೂ ಮುಂಚೆ, ಡಿಸೆಂಬರ್. ಇಂಜೆಕ್ಷನ್ ಆಗಿದ್ದು ಮೇ ತಿಂಗಳು."

ಕಾವಲುಗಾರನ ಒಂದು ಕಾಲಿನ ಬೂಟು ಬಿಚ್ಚಿದೆ, ಇನ್ನೊಂದು ಹಾಗೇ ಇದೆ. ಆತ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಅಕ್ಕನ ಮುಖ ನೋಡುತ್ತಾಳೆ. ಒಂದೂವರೆ ವರ್ಷ ಇಬ್ಬರೂ ಒಂದು ವಿಷಯವನ್ನು ಕಣ್ಣಾರೆ ಕಂಡಂತೆ ನಂಬಿದ್ದರು. ಅದು ಒಂದು ಬಕೆಟ್ ನೀರಿನಲ್ಲಿ ಕೊಚ್ಚಿಹೋಗಿದೆ.

ಅಕ್ಕನಿಗೆ ನಲವತ್ತಾರು ವರ್ಷ. ಆರೋಗ್ಯ ಕಚೇರಿಯ ಪರವಾಗಿ ಮನೆಮನೆ ಸುತ್ತಿ ಮಾಹಿತಿ ಬರೆದುಕೊಳ್ಳುವುದು ಕೆಲಸ. ಸೊಳ್ಳೆ, ಕೂಸಿನ ತೂಕ, ಕುಡಿಯುವ ನೀರು, ಹೀಗೆ ಇಪ್ಪತ್ತು ವರ್ಷದಿಂದ ಏನೇನೋ ಬರೆದಿದ್ದಾರೆ. ಹೆಸರು ಯಾರಿಗೂ ಬೇಕಾಗಿಲ್ಲ, ಬೀದಿಗೆಲ್ಲ ಫಾರಂ ಅಕ್ಕ. ಗಂಡ ಬಸ್ ಡಿಪೋದಲ್ಲಿ ಟಯರ್ ಬದಲಿಸುತ್ತಾರೆ. ಮನೆಯಲ್ಲಿ ಎಪ್ಪತ್ತೆಂಟರ ಅತ್ತೆ ಇದ್ದಾರೆ. ಅವರ ಕಾಲು ನಿಂತಿದೆಯೇ ಹೊರತು ಬಾಯಿ ನಿಂತಿಲ್ಲ.

ಲೋಕವನ್ನೇ ಮನೆಯೊಳಗೆ ಕೂರಿಸಿದ ಆ ವೈರಸ್ ಜ್ವರ ಬಂತು, ಹೋಯಿತು, ಮತ್ತೆ ಬಂತು. ಆಮೇಲೆ ಲಸಿಕೆ ಬಂತು. ಅದಾಗಿ ಮೂರು ತಿಂಗಳಿಗೆ ಅಕ್ಕನ ಕೈಗೆ ಒಂದು ಹೊಸ ಫಾರಂ ಬಂತು. ಅದರಲ್ಲಿ ಮುಖ್ಯ ಪ್ರಶ್ನೆ ಒಂದೇ: ಲಸಿಕೆ ಪಡೆದ ನಂತರ ಆಗಿರುವ ತೊಂದರೆಗಳು. ಕೆಳಗೆ ಹತ್ತು ಗೆರೆ. ಲಸಿಕೆಗೆ ಮುಂಚೆ ಏನಿತ್ತು, ಜ್ವರ ಬಂದಿತ್ತೋ ಇಲ್ಲವೋ, ಅದನ್ನು ಬರೆಯಲು ಒಂದಂಗುಲ ಜಾಗವಿಲ್ಲ. ಯಾವ ಮಹಾನುಭಾವ ತಂಪು ಕೋಣೆಯಲ್ಲಿ ಕೂತು ಈ ಫಾರಂ ಮಾಡಿದನೋ, ಅವನ ಹಣೆಗೆ ಇದೇ ಫಾರಂ ಅಂಟಿಸಬೇಕು.

ಅಕ್ಕನಿಗೆ ಹಳೇ ಪೆಟ್ಟೊಂದು ನೆನಪಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಸಾಹೇಬರು ಅವರ ಫಾರಂಗಳನ್ನು ಮುಖದ ಮೇಲೆ ಎಸೆದಿದ್ದರು. ಜಾಗ ಖಾಲಿ ಬಿಟ್ಟರೆ ಆ ಮನೆಗೇ ಹೋಗಿಲ್ಲ ಎಂದು ಅರ್ಥವಂತೆ. ಅಂದಿನಿಂದ ಅಕ್ಕ ಒಂದು ಗೆರೆಯನ್ನೂ ಖಾಲಿ ಬಿಟ್ಟವರಲ್ಲ. ಈ ಸಲವೂ ಬಿಡಲಿಲ್ಲ. ಏನೂ ಆಗಿಲ್ಲ ಎಂದವರನ್ನೂ ಕೂರಿಸಿಕೊಂಡು ಕೇಳಿದರು. "ಏನಾದ್ರೂ ಆಗಿರುತ್ತೆ ತಾಯಿ, ಯೋಚನೆ ಮಾಡಿ ಹೇಳಿ. ಸುಸ್ತು? ಕೀಲು ನೋವು? ಮರೆವು?"

ಯೋಚಿಸಿದರೆ ಯಾರಿಗೆ ತಾನೇ ಸುಸ್ತಿಲ್ಲ? ಸಾವಿರದ ನೂರ ನಲವತ್ತು ಮನೆಗಳಲ್ಲಿ ಏಳುನೂರ ಮೂರು ಮನೆಯವರು ಏನಾದರೊಂದು ಹೇಳಿದರು. ಅಕ್ಕ ಅಚ್ಚುಕಟ್ಟಾಗಿ ಬರೆದು, ಐವತ್ತರ ಕಟ್ಟು ಮಾಡಿ, ದಾರ ಕಟ್ಟಿ ಕಚೇರಿಗೆ ಕೊಟ್ಟರು. ಈ ವಾರ್ಡಿನಷ್ಟು ಪೂರ್ತಿಯಾಗಿ ಬೇರೆ ಯಾವ ವಾರ್ಡಿನಲ್ಲೂ ಬರೆದಿಲ್ಲ ಎಂದು ಮೇಲ್ವಿಚಾರಕರು ಹೊಗಳಿದರು. ಅಕ್ಕ ಅವತ್ತು ಮನೆಗೆ ಸಿಹಿ ತೆಗೆದುಕೊಂಡು ಹೋಗಿದ್ದರು.

ಆ ಏಳುನೂರ ಮೂರು ಎಂಬ ಸಂಖ್ಯೆ ಕಚೇರಿಯಿಂದ ಹೇಗೋ ಹೊರಗೆ ಬಂತು. ವಾರದೊಳಗೆ ಎಲ್ಲರ ಮೊಬೈಲಿನಲ್ಲೂ ಅದೇ. ನಮ್ಮ ಬೀದಿಗಳಲ್ಲೇ ಏಳುನೂರು ಮನೆ ಹಾಳಾಗಿವೆ, ಇದು ಸರ್ಕಾರವೇ ಬರೆಸಿದ ಲೆಕ್ಕ! ಲಸಿಕೆ ಕೇಂದ್ರದ ಮುಂದಿನ ಸಾಲು ಕರಗಿತು. ಎಳೇ ಮಕ್ಕಳಿಗೆ ದಡಾರದ ಇಂಜೆಕ್ಷನ್ ಹಾಕಿಸುವುದಕ್ಕೂ ತಾಯಂದಿರು ಹಿಂದೇಟು ಹಾಕಿದರು. ಜನಕ್ಕೆ ಬುದ್ಧಿಯಿಲ್ಲ ಎಂದು ಅಕ್ಕನೂ ಎಲ್ಲರಂತೆ ಬೈದುಕೊಂಡು ಸುಮ್ಮನಾದರು. ಆ ಬೆಂಕಿಗೆ ಸೌದೆ ಒಟ್ಟಿದ್ದು ತಾನೇ ಎಂದು ಅವರಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಏಳು ತಿಂಗಳ ಮೇಲೆ, ಕ್ಷೌರದಂಗಡಿಯ ಮುಂದೆ. ಅಂಗಡಿ ಅರ್ಧ ಮುಚ್ಚಿತ್ತು. ಕ್ಷೌರಿಕನ ಹೆಂಡತಿ ಅಕ್ಕನನ್ನು ಕಂಡವರೇ ರಸ್ತೆ ದಾಟಿ ಬಂದರು.

"ಏನಕ್ಕಾ, ಡಾಕ್ಟ್ರು ಯಾವಾಗ ಬರ್ತಾರೆ?"

"ಯಾವ ಡಾಕ್ಟ್ರು?"

"ಅದೇ, ನೀವು ಬರ್ಕೊಂಡು ಹೋದ್ರಲ್ಲ. ಅವತ್ತಿಂದ ಕಾಯ್ತಾ ಇದ್ದಾರೆ."

ಒಳಗೆ ಹೋಗಿ ನೋಡಿದರೆ ಕ್ಷೌರಿಕ ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತಿದ್ದಾರೆ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಾರೆ. ಕೈ ಎತ್ತಿ ಕತ್ತರಿ ಹಿಡಿಯಲಾಗದೆ ಎರಡು ತಿಂಗಳಾಗಿತ್ತು. ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಅಕ್ಕ ಕೇಳಿದರು. ಆ ಉತ್ತರ ಹೇಳುವಾಗ ಅಕ್ಕನ ದನಿ ಈಗಲೂ ಬಿದ್ದುಹೋಗುತ್ತದೆ.

"ಸರ್ಕಾರದ ಫಾರಂನಲ್ಲಿ ದಾಖಲಾಗಿದೆಯಲ್ಲ, ಅವರೇ ಬಂದು ನೋಡ್ತಾರೆ, ನಾವು ಬೇರೆ ಕಡೆ ತೋರಿಸಿದ್ರೆ ಕೇಸು ಕೆಡುತ್ತೆ ಅಂದ್ಕೊಂಡಿದ್ರಂತೆ. ಇಂಜೆಕ್ಷನ್‌ನಿಂದ ಆಗಿದ್ದಕ್ಕೆ ಬೇರೆ ಕಡೆ ಮದ್ದಿಲ್ಲ ಅಂತ ಯಾರೋ ಹೇಳಿದ್ರಂತೆ. ಏಳು ತಿಂಗಳು! ನನ್ನ ಒಂದು ಸಹಿ ನಂಬ್ಕೊಂಡು ಮನುಷ್ಯ ಬಾಗಿಲು ಕಾಯ್ತಾ ಕೂತಿದ್ದಾನೆ."

ಅಕ್ಕ ಅಲ್ಲಿಂದ ನೇರ ಕಚೇರಿಗೆ ಹೋದರು. ಉಗ್ರಾಣದ ಕಪಾಟಿನ ಕೆಳಗಿನ ಹಲಗೆಯಲ್ಲಿ ಕಟ್ಟುಗಳು ಇದ್ದವು. ಇಪ್ಪತ್ಮೂರು ಕಟ್ಟು, ಇಪ್ಪತ್ಮೂರರ ಮೇಲೂ ಅಕ್ಕನೇ ಹಾಕಿದ ಗಂಟು. ಒಂದನ್ನೂ ಯಾರೂ ಬಿಚ್ಚಿರಲಿಲ್ಲ. ಗುಮಾಸ್ತ ತಲೆ ಎತ್ತದೆ ಹೇಳಿದ: "ಒಟ್ಟು ಸಂಖ್ಯೆ ಕೇಳಿದ್ರು, ನೀವೇ ಮೇಲೆ ಬರೆದಿದ್ರಲ್ಲ, ಅದನ್ನ ಕಳಿಸಿದ್ವಿ. ಸರ್ವೆ ಮುಗೀತಮ್ಮ. ಇನ್ನೇನು?"

ಇನ್ನೇನು ಅಂತೆ! ಏಳುನೂರ ಮೂರು ಮನೆಯ ನೋವು ಬರೆಸಿಕೊಂಡು, ಒಂದೇ ಒಂದು ಫಾರಂ ಓದದೆ, ಸಂಖ್ಯೆ ಮಾತ್ರ ಕಿತ್ತುಕೊಂಡು ಕೈ ತೊಳೆದುಕೊಂಡವರು ಕೇಳುವ ಪ್ರಶ್ನೆ ಇದು.

ಮರುದಿನವೇ ಅಕ್ಕ ಕ್ಷೌರಿಕನನ್ನು ಆಟೋದಲ್ಲಿ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಶ್ವಾಸಕೋಶದ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಯಾವತ್ತಿಂದ ಹೀಗೆ ಎಂದು ಕೇಳಿದರು. ಇಂಜೆಕ್ಷನ್ ಆದ ಮೇಲಿಂದ ಎಂದು ಕ್ಷೌರಿಕ ಹೇಳುತ್ತಿದ್ದಂತೆ ಹೆಂಡತಿ ತಡೆದರು. "ಸುಳ್ಳು ಹೇಳ್ಬೇಡಿ. ಅಂಗಡಿಗೆ ಹೊಸ ಕನ್ನಡಿ ತಂದಾಗ ಎತ್ತಿ ಇಡೋಕಾಗದೆ ಬೀಳಿಸಿ ಒಡೆದ್ರಲ್ಲ? ಆಗ ಇಂಜೆಕ್ಷನ್ ಎಲ್ಲಿತ್ತು?" ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇದು ಆ ಜ್ವರ ಬಿಟ್ಟುಹೋದ ಗಾಯ, ಮೊದಲ ತಿಂಗಳುಗಳಲ್ಲೇ ಬಂದಿದ್ದರೆ ಇಷ್ಟು ಗಟ್ಟಿಯಾಗಲು ಬಿಡುತ್ತಿರಲಿಲ್ಲ ಎಂದರು. ಈಗ ಕ್ಷೌರಿಕ ಎತ್ತರದ ಸ್ಟೂಲಿನ ಮೇಲೆ ಕೂತು ದಿನಕ್ಕೆ ಐದಾರು ತಲೆ ಮಾಡುತ್ತಾರೆ. ಮೊದಲು ಮೂವತ್ತು ಮಾಡುತ್ತಿದ್ದರು.

ಅವತ್ತು ಸಂಜೆ ಅಕ್ಕ ಊಟಕ್ಕೆ ಕೂರದೆ ಗೋಡೆ ನೋಡುತ್ತಿದ್ದರು. ಅತ್ತೆ ವಿಷಯ ಕೇಳಿಕೊಂಡು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ಊರವರನ್ನೆಲ್ಲ ಕೇಳ್ತೀಯಲ್ಲ, ನಿನಗೆ ಯಾವತ್ತಿಂದ?"

"ನನಗೂ ಇಂಜೆಕ್ಷನ್ ಆದ್ಮೇಲೇ ಅತ್ತೆ."

"ನಿನ್ನ ತಲೆ! ಜ್ವರ ಬಿಟ್ಟು ಹದಿನೈದು ದಿನಕ್ಕೆ ಟೆರೇಸ್ ಮೇಲೆ ಬಟ್ಟೆ ಹರಡೋಕೆ ಹೋದವಳು ನೀನು. ಒದ್ದೆ ಬಟ್ಟೆ ಬುಟ್ಟಿ ಪಕ್ಕದಲ್ಲೇ ಮಲ್ಕೊಂಡಿದ್ದೆ. ನನ್ನ ಮಗ ಎತ್ಕೊಂಡು ಬಂದ. ಆಗಿನ್ನೂ ಆ ಇಂಜೆಕ್ಷನ್ ಈ ಊರಿಗೇ ಬಂದಿರಲಿಲ್ಲ."

ಅಕ್ಕನ ಮೊದಲ ಕಟ್ಟಿನ ಮೊದಲ ಫಾರಂ ಅವರದೇ. ಅದರಲ್ಲಿ ಅವರದೇ ಕೈಬರಹದಲ್ಲಿ ಬರೆದಿತ್ತು: ಲಸಿಕೆಯ ನಂತರ ಸುಸ್ತು, ಏದುಸಿರು. "ನನ್ನ ಮೈಯ ಬಗ್ಗೆ ನಾನೇ ಸುಳ್ಳು ಬರೆದಿದ್ದೆ. ಬೇಕು ಅಂತ ಅಲ್ಲ. ಪ್ರಶ್ನೆ ಹಾಗಿತ್ತು, ಉತ್ತರ ಹಾಗೇ ಬಂತು. ನನಗೇ ಹೀಗಾದ್ರೆ ಉಳಿದವರ ಗತಿ ಏನು?"

ಮೂರನೇ ದಿನಕ್ಕೆ ಹೊಸ ನೋಟ್‌ಬುಕ್ಕು ಬಂತು. ಆವತ್ತಿನಿಂದ ಕಚೇರಿ ಕೆಲಸಕ್ಕೆ ಮುಂಚೆ ದಿನಕ್ಕೆ ನಾಲ್ಕೈದು ಮನೆ. ಯಾರೂ ಹೇಳಿಲ್ಲ, ಕೇಳಿಲ್ಲ. ಈಗ ಪ್ರಶ್ನೆ 'ಯಾವತ್ತಿಂದ?' ಎಂಬುದೊಂದೇ. ಜನಕ್ಕೆ ತಾರೀಖು ನೆನಪಿರುವುದಿಲ್ಲ, ಆದರೆ ಟ್ಯಾಂಕ್ ಒಡೆದದ್ದು, ಮನೆ ಬದಲಿಸಿದ್ದು, ಮಗಳ ಪರೀಕ್ಷೆ, ಹೊಸ ಫ್ರಿಜ್ಜು ಎಲ್ಲ ನೆನಪಿರುತ್ತದೆ. ಅವುಗಳ ತಾರೀಖು ಅಕ್ಕ ಅಂಗಡಿ ರಸೀದಿ, ಶಾಲೆಯ ಅಂಕಪಟ್ಟಿ ನೋಡಿ ಹುಡುಕುತ್ತಾರೆ. ಬಾಗಿಲು ಮುಖದ ಮೇಲೆ ಹಾಕಿದವರಿದ್ದಾರೆ. ಇಂಜೆಕ್ಷನ್ ಕಂಪನಿಯವರು ಎಷ್ಟು ಕೊಟ್ಟರು ಎಂದು ಹಂಗಿಸಿದವರಿದ್ದಾರೆ. ಮೇಲ್ವಿಚಾರಕರಂತೂ ಮುಗಿದ ಸರ್ವೆ ಕೆದಕಬೇಡ ಎಂದು ಎರಡು ಸಲ ಗದರಿದ್ದಾರೆ.

ಇಲ್ಲಿಯವರೆಗೆ ಆರುನೂರ ಹನ್ನೆರಡು ಮನೆ ಆಗಿದೆ. ಅವುಗಳಲ್ಲಿ ಮೊದಲು ತೊಂದರೆ ಬರೆಸಿದ್ದವು ಮುನ್ನೂರ ಎಪ್ಪತ್ತನಾಲ್ಕು. ಇನ್ನೂರ ಮೂವತ್ತೊಂದು ಮನೆಯಲ್ಲಿ ತೊಂದರೆ ಶುರುವಾದದ್ದು ಲಸಿಕೆಗೆ ಮುಂಚೆ, ಬಹುಪಾಲು ಆ ಜ್ವರದ ಬೆನ್ನಿಗೇ. ನಲವತ್ತೇಳು ಮನೆಯವರಿಗೆ ಏನೂ ನೆನಪಾಗಲಿಲ್ಲ. ಉಳಿದ ತೊಂಬತ್ತಾರು ಲಸಿಕೆಯ ನಂತರದವು, ಅವುಗಳಲ್ಲಿ ಎಂಬತ್ತೆಂಟು ಒಂದು ವಾರದೊಳಗೆ ಹೋದ ತೋಳು ನೋವು, ಮೈಕೈ ನೋವು. ಎಂಟು ಮಂದಿಯನ್ನು ಅಕ್ಕ ಡಾಕ್ಟರಮ್ಮನ ಬಳಿ ಕಳಿಸಿದ್ದಾರೆ.

ಆ ಎಂಟರಲ್ಲಿ ಇಸ್ತ್ರಿ ಅಂಗಡಿಯ ಹೆಂಗಸೊಬ್ಬರು. ಇಂಜೆಕ್ಷನ್ ಹಾಕಿಸಿಕೊಂಡ ಕಾಲು ಗಂಟೆಗೆ ಮುಖ ಊದಿ, ಗಂಟಲು ಕಟ್ಟಿ, ಎರಡು ದಿನ ಆಸ್ಪತ್ರೆಯಲ್ಲಿದ್ದರು. ಅದು ಲಸಿಕೆಯಿಂದಲೇ ಆದದ್ದು, ಅದೇ ಲಸಿಕೆ ಇನ್ನೊಮ್ಮೆ ಬೇಡ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಇಷ್ಟು ದಿನ ಅವರ ಮಾತನ್ನು ಕಿವಿಗೆ ಹಾಕಿಕೊಂಡವರೇ ಇಲ್ಲ. ಎಲ್ಲರೂ ನನಗೂ ಆಯ್ತು, ನನಗೂ ಆಯ್ತು ಎನ್ನುವಾಗ ನಿಜವಾಗಿ ಆದವರ ದನಿ ಯಾರಿಗೆ ಕೇಳಬೇಕು? ಎರಡನೇ ಡೋಸಿಗೆ ಹೋಗಿ ಸಾಲಿನಲ್ಲಿ ನಿಲ್ಲು ಎಂದು ಅವರನ್ನು ಗದರಿಸಿದ್ದರಂತೆ. ಪುಣ್ಯಕ್ಕೆ ಅವರು ಹೋಗಲಿಲ್ಲ.

"ನಾನು ಇಂಜೆಕ್ಷನ್ ಪರಾನೂ ಅಲ್ಲ, ವಿರುದ್ಧಾನೂ ಅಲ್ಲ," ಎನ್ನುತ್ತಾರೆ ಅಕ್ಕ. "ಇಸ್ತ್ರಿ ಅಂಗಡಿಯವರದ್ದನ್ನೂ ದಪ್ಪಕ್ಷರದಲ್ಲೇ ಬರೆದಿದ್ದೀನಿ. ಮುಚ್ಚಿಡೋಕೆ ನಾನ್ಯಾರು? ಡಾಕ್ಟ್ರಮ್ಮ ಹೇಳಿದ್ದಾರೆ, ತಾರೀಖು ಅನ್ನೋದು ತೀರ್ಪಲ್ಲ, ಎಲ್ಲಿಂದ ಹುಡುಕಬೇಕು ಅಂತ ತೋರಿಸುತ್ತೆ ಅಷ್ಟೇ. ನಾನು ತಾರೀಖು ಬರೀತೀನಿ. ತೀರ್ಪು ಅವರದು."

ಕಾವಲುಗಾರನ ಮನೆಯಿಂದ ಇಳಿಯುವಾಗ ಆಸ್ಪತ್ರೆಯ ಚೀಟಿ ಆತನ ಹೆಂಡತಿಯ ಕೈಯಲ್ಲಿದೆ. ನಾಳೆಯೇ ಎಳೆದುಕೊಂಡು ಹೋಗುತ್ತೇನೆ, ಬರದಿದ್ದರೆ ಬಕೆಟ್ ಹೊರಿಸುತ್ತೇನೆ ಎಂದು ಆಕೆ ಬಾಗಿಲಿನಿಂದಲೇ ಕೂಗುತ್ತಾಳೆ. ಕೆಳಗೆ ನಮ್ಮ ಪತ್ರಿಕೆಯ ಛಾಯಾಗ್ರಾಹಕ ಕ್ಯಾಮೆರಾ ಹಿಡಿದು ಸಿದ್ಧ. ಅಕ್ಕ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಫೋಟೋ ಬೇಡ ಕಣಪ್ಪಾ. ಇನ್ನೂ ಐನೂರ ಇಪ್ಪತ್ತೆಂಟು ಬಾಗಿಲು ಬಾಕಿ ಇದೆ. ದಿನಕ್ಕೆ ಐದು ಅಂದ್ರೂ ಎಷ್ಟು ತಿಂಗಳು ಬೇಕು, ನೀವೇ ನೋಡಿ. ಅಲ್ಲೀವರೆಗೆ ಒಳಗೆ ಯಾರು ಯಾರು ಕಾಯ್ತಾ ಕೂತಿದ್ದಾರೋ. ಆ ಫೋಟೋ ಜಾಗದಲ್ಲಿ ದೊಡ್ಡದಾಗಿ ಹಾಕಿ: ಫಾರಂ ಬರ್ಕೊಂಡು ಹೋಗಿದ್ದಾರೆ ಅಂತ ಕಾಯ್ಬೇಡಿ, ಯಾರೂ ಬರಲ್ಲ. ಉಸಿರು ಕಟ್ಟಿದ್ರೆ ಇವತ್ತೇ ಎದ್ದು ಆಸ್ಪತ್ರೆಗೆ ಹೋಗಿ. ಫಾರಂ ಅಕ್ಕನೇ ಹೇಳಿದ್ದು ಅಂತ ಹಾಕಿ. ನನ್ನ ಮಾತು ನಂಬ್ತಾರೆ ಆ ಜನ."