ಹಾಲು ಕುಲುಕ್ತದೆ ಕಣವ್ವ

ತಳ್ಳಿಕೊಂಡು ಹೋಗುವ ಸೈಕಲ್ಲಿನ ಚಕ್ರದ ಟಿಕ್ ಟಿಕ್ ಸದ್ದು ಈಗ ಅಪರೂಪಕ್ಕೆ ಎಲ್ಲಾದರೂ ಕೇಳಿದರೆ ಸಾಕು, ನನ್ನ ಮೂಗಿಗೆ ಹಸಿ ಹಾಲಿನ ವಾಸನೆ ಬಂದುಬಿಡುತ್ತದೆ. ನಾನು ಚನ್ನಪಟ್ಟಣದ ಕಾಲೇಜಿಗೆ ಹೋಗುವಾಗ ನಮ್ಮೂರಿಗೆ ಬಸ್ಸಿರಲಿಲ್ಲ, ಅಕ್ಕೂರಿನವರೆಗೆ ನಡೆಯಬೇಕಿತ್ತು. ಅದೇ ಹೊತ್ತಿಗೆ ಅಪ್ಪ ಅಲ್ಲಿನ ಡೈರಿಗೆ ಹಾಲು ಹಾಕಲು ಹೊರಡುತ್ತಿದ್ದ. ಕ್ಯಾನು ಕ್ಯಾರಿಯರ್ ಮೇಲೆ, ನನ್ನ ಬ್ಯಾಗು ಹ್ಯಾಂಡಲ್ಲಿಗೆ, ನಾವಿಬ್ಬರೂ ಹಿಪ್ಪುನೇರಳೆ ತೋಟಗಳ ನಡುವಿನ ಮಣ್ಣು ದಾರಿಯಲ್ಲಿ. ‘ನೀನು ಹತ್ಕಂಡು ಹೋಗಪ್ಪ, ನಾನು ಬತ್ತೀನಿ’ ಎಂದರೆ, ‘ಹತ್ತಿದ್ರೆ ಹಾಲು ಕುಲುಕ್ತದೆ ಕಣವ್ವ’ ಎನ್ನುತ್ತಿದ್ದ. ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅವನ ಗೆಳೆಯ, ‘ಏನ್ಲಾ, ಸೈಕಲ್ಲ ಎಮ್ಮೆ ಹಂಗೆ ಹೊಡ್ಕಂಡೋಯ್ತಿದ್ದೀಯ! ಕತ್ತಿಗೊಂದು ಗಂಟೆ ಕಟ್ಲಾ’ ಎಂದು ರೇಗಿಸುತ್ತಿದ್ದ. ಅಪ್ಪ ಬೆಲ್ಲು ಬಾರಿಸಿ, ‘ಕಟ್ಟಿವ್ನಿ ಕಣ್ಲಾ’ ಎನ್ನುತ್ತಿದ್ದ. ನನಗೆ ರಜೆ ಬಂದರೆ, ಅದೇ ಕ್ಯಾನು ಹೇರಿಕೊಂಡು ಇಳಿಜಾರಿನಲ್ಲಿ ಜೋರಾಗಿ ತುಳಿದುಕೊಂಡು ಹೋಗುತ್ತಿದ್ದ. ಆಗ ಹಾಲು ಕುಲುಕುತ್ತಿರಲಿಲ್ಲ. ನಾನು ಅದನ್ನು ಕೇಳಲು ಹೋಗಲಿಲ್ಲ.

ಮನೆಯಲ್ಲಿ ಅಜ್ಜಿಯದೇ ಮಾತು. ಅಪ್ಪನಿಗೆ ಬಾಯಿ ಬರುತ್ತಿದ್ದುದು ಆ ದಾರಿಯಲ್ಲಿ ಮಾತ್ರ, ಅದೂ ನನ್ನ ಮುಖ ನೋಡದೆ, ಮುಂದಿನ ಚಕ್ರ ನೋಡುತ್ತ. ನನ್ನ ಪಿಯುಸಿ ಮುಗಿಯುವ ಹೊತ್ತಿಗೆ ಅಜ್ಜಿ ಗಂಡು ಗೊತ್ತುಮಾಡಿದ್ದಳು. ಓದು ಅಲ್ಲಿಗೆ ಮುಗಿಯಿತೆಂದು ನನಗೆ ಅನ್ನವೇ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ, ಹೊಂಗೆಮರದ ತಿರುವಿನಲ್ಲಿ ಅಪ್ಪ, ‘ಆ ಗಂಡಿನ ಕಡೆಯೋರ್ಗೆ ಬ್ಯಾಡ ಅಂದ್ಬುಟ್ಟೆ. ನಿಮ್ಮಜ್ಜಿ ಒಸಿ ದಿನ ಕೂಗಾಡ್ತಾಳೆ, ಕೂಗಾಡ್ಲಿ. ನೀನು ಓದವ್ವ’ ಎಂದ. ಚಕ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಡಿಗ್ರಿ ನನಗೆ ಸಿಕ್ಕಿದ್ದು ಆ ತಿರುವಿನಲ್ಲಿ.

ಈಗ ಅದು ಡಾಂಬರು ರಸ್ತೆ. ಹಾಲೂ ಬೈಕಿನಲ್ಲೇ ಹೋಗುತ್ತದೆ. ಯಾರಾದರೂ ನಡೆದು ಬಂದರೆ, ‘ಯಾಕೆ, ಗಾಡಿ ಕೆಟ್ಟೋಯ್ತಾ?’ ಎನ್ನುತ್ತಾರೆ. ಕೆಲಸ ಸಿಕ್ಕಿದ ಮೇಲೆ ನಾನೂ ಸ್ಕೂಟರ್ ಕೊಂಡೆ; ಅಪ್ಪನನ್ನು ಹಿಂದೆ ಕೂರಿಸಿಕೊಂಡು ಊರ ಮುಂದೆ ಹೋಗುವುದೆಂದರೆ ನನಗೆ ಎಲ್ಲಿಲ್ಲದ ಸಂಭ್ರಮ. ಅವನು ತೀರಿಕೊಳ್ಳುವುದಕ್ಕೆ ಹಿಂದಿನ ಸುಗ್ಗಿಯಲ್ಲಿ ಒಮ್ಮೆ, ಅದೇ ತಿರುವಿನಲ್ಲಿ, ನನ್ನ ಬೆನ್ನ ಹಿಂದೆ ಏನೋ ಹೇಳಿದ. ಗಾಳಿ, ಹೆಲ್ಮೆಟ್ಟು, ಕೇಳಿಸಲಿಲ್ಲ. ‘ಏನಪ್ಪಾ?’ ಎಂದು ಕೂಗಿದೆ. ‘ಏನಿಲ್ಲ ಕಣವ್ವ. ರೋಡ್ ನೋಡ್ಕಂಡು ಓಡ್ಸು.’ ಇನ್ನೊಮ್ಮೆ ಕೇಳೋಣ ಎನ್ನುವಷ್ಟರಲ್ಲಿ ಅಕ್ಕೂರು ಬಂದೇಬಿಟ್ಟಿತು. ಅಕ್ಕೂರು ಅಷ್ಟು ಹತ್ತಿರ ಇರಬಾರದಿತ್ತು.