ಹಲ್ಲಿನ ಡಾಕ್ಟರಮ್ಮ ಮತ್ತು ನಮ್ಮ ಕಂಬಗಳು

ಅಂದಿನ ಸಭೆಯಲ್ಲಿ ಜಗಳವಾಗಬಹುದಿತ್ತು, ಕರೆಂಟು ಹೋಗಬಹುದಿತ್ತು, ಸಂಘದ ಅಧ್ಯಕ್ಷ ನಾಯ್ಕರ ಬಿಪಿ ಏರಬಹುದಿತ್ತು, ಕೂತಲ್ಲೇ ಭೂಮಿ ನಡುಗಬಹುದಿತ್ತು. ಎಲ್ಲಕ್ಕೂ ನಾನು ತಯಾರಾಗಿಯೇ ಹೋಗಿದ್ದೆ. ಜೇಬಿನಲ್ಲಿ ಟಾರ್ಚೂ ಇತ್ತು.

ಕುಮಟಾದ ನಮ್ಮ ಹದಿನೈದು ಮನೆಗಳ ಕಟ್ಟಡ ನಿಂತಿರುವುದು ಪಾರ್ಕಿಂಗಿನ ಬರೀ ಕಂಬಗಳ ಮೇಲೆ. ಭೂಕಂಪವಾದರೆ ಅವು ತಡೆಯಲಾರವು, ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಿ ದಪ್ಪ ಮಾಡಿಸಬೇಕು ಎಂದು ಎಂಜಿನಿಯರರಿಂದ ಬರೆಸಿಕೊಂಡು ಬಂದವರು ಎರಡನೇ ಮಹಡಿಯ ಹಲ್ಲಿನ ಡಾಕ್ಟರಮ್ಮ.

"ಡಾಕ್ಟರ್ರೇ, ಕಂಬಕ್ಕೂ ಕ್ಯಾಪ್ ಹಾಕ್ಸೂದಾ? ದಪ್ಪ ಮಾಡಿದ್ರೆ ಕಾರು ಎಂತ ತಲೆ ಮೇಲೆ ಇಟ್ಕೊಳ್ಳೂದಾ?" ಎಂದರು ನಾಯ್ಕರು. ಎಲ್ಲರೂ ನಕ್ಕೆವು.

ಡಾಕ್ಟರಮ್ಮ ನಗಲಿಲ್ಲ. "ನಾ ಹೊರಗಿನ ಊರಲ್ಲಿ ಓದೂವಾಗ ಅಲ್ಲಿ ಭೂಕಂಪ ಆತು. ಮುಖ ಗುರ್ತು ಸಿಗದ ಹೆಣಗಳನ್ನ ಹಲ್ಲು ನೋಡಿ ಹೇಳೂಕೆ ನಮ್ಮನ್ನ ಕರೆದಿದ್ರು. ಈ ಕಟ್ಟಡದಲ್ಲಿ ಎಲ್ಲರ ಹಲ್ಲೂ ನಂಗೆ ಗೊತ್ತುಂಟು."

ನಾಯ್ಕರು ಮನೆಗೊಬ್ಬರಂತೆ ಕೈ ಎತ್ತಿಸಿದರು. ಬೇಕು ಎಂದವರು ಏಳು, ಬೇಡ ಎಂದವರೂ ಏಳು. ಉಳಿದವನು ನಾನು, ಗ್ಯಾಸ್ ಆರಿಸಿದೆನೇ ಎಂದು ದಿನಕ್ಕೆ ಮೂರು ಸಲ ನೋಡುವವನು. ನನ್ನ ಕಾರು ನಿಲ್ಲುವುದು ಎರಡು ಕಂಬಗಳ ಸಂದಿಯಲ್ಲಿ. ಅದೊಂದು ನೆನಪಾಗಿ ಕೈ ಮೇಲೇಳಲಿಲ್ಲ. "ಹಂಗಾರೆ ಮುಂದೆ ನೋಡುವಾ" ಎಂದು ನಾಯ್ಕರು ಚಾ ತರಿಸಿದರು.

ಕಂಬದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಈಗ ಮೆಟ್ಟಿಲಲ್ಲಿ ಡಾಕ್ಟರಮ್ಮ ಎದುರಾದರೆ ನಾನು ಹಲ್ಲು ಕಾಣದ ಹಾಗೆ ನಗುತ್ತೇನೆ.