ಮುಳ್ಳಿನೊಳಗಿನ ಗೂಟ

ಐಟಿ ಕಟ್ಟಡಗಳು ಕೊಂಡಾಪುರ ದಾಟಿ ಕೆರೆಯ ಕಡೆಗೆ ಹೊರಟಿದ್ದ ಕಾಲ. ಹೈದರಾಬಾದಿಗೆ ಕುಡಿಯುವ ನೀರು ಕೊಡುವ ಆ ಕೆರೆಗೆ ನೀರು ಹರಿದುಬರುವ ಗುಡ್ಡಗಳಲ್ಲಿ ಏನನ್ನೂ ಕಟ್ಟುವಂತಿರಲಿಲ್ಲ. ಅಲ್ಲಿ ಮಣ್ಣು ಕೊಚ್ಚಿಹೋಗುತ್ತಿಲ್ಲ ಎಂದು ಬರೆದುಕೊಟ್ಟರೆ ದಾರಿ ತೆರೆಯುತ್ತಿತ್ತು. ಅಳೆಯುವ ಕೆಲಸ ನನ್ನದು.

ಇಳಿಜಾರಿನಲ್ಲಿ ನಲವತ್ತು ಕಬ್ಬಿಣದ ಗೂಟ ಹೊಡೆಸಿದ್ದೆ, ನೆಲದಿಂದ ಒಂದೊಂದು ಗೇಣು ಮೇಲೆ. ಮಣ್ಣು ಹೋದಷ್ಟೂ ಗೂಟ ಉದ್ದ ಕಾಣಬೇಕು. ಗುಜರಿಯವರು ಕಿತ್ತೊಯ್ಯದಂತೆ ಕಾಯಲು ಯಾದಗಿರಿ ಕಡೆಯ ಹೆಂಗಸೊಬ್ಬಳಿದ್ದಳು. ಆ ವರ್ಷ ತಿಂಗಳುಗಟ್ಟಲೆ ಕೈಕೊಟ್ಟ ಮಳೆ ಕೆಲವೇ ದಿನಗಳಲ್ಲಿ ಸುರಿದು ಹೋಯಿತು. ಕೆರೆ ಕೆಂಪಾಯಿತು. ನನ್ನ ಗೂಟಗಳು ಮಾತ್ರ ಗೇಣಿಗೆ ಗೇಣು.

"ವರ್ಷದ ಮಳೆ ಮೊದಲಿನಷ್ಟೇ ಇದೆ, ಮಣ್ಣೂ ಇದೆ. ಸಹಿ ಹಾಕಮ್ಮ," ಎಂದರು ನಮ್ಮ ಸಾಹೇಬರು. ನನಗೆ ಮೈಯುರಿಯಿತು. ಹಾಗಾದರೆ ಆ ಕೆಂಪು ಎಲ್ಲಿಂದ ಬಂತು? ಮತ್ತೆ ಗುಡ್ಡಕ್ಕೆ ಹೋದೆ.

ನಲವತ್ತನೆಯ ಗೂಟ ಜಾಲಿಪೊದೆಯೊಳಗಿತ್ತು. ಮುಳ್ಳಿಗೆ ಹೆದರಿ, ಉಳಿದವುಗಳ ಅಳತೆಯನ್ನೇ ಅದಕ್ಕೂ ಬರೆದುಬಿಡುತ್ತಿದ್ದೆ. ಹೇಳಲು ನಾಚಿಕೆ, ಆದರೆ ನಿಜ. ಈ ಸಲ ಬಟ್ಟೆ ಹರಿದರೂ ನುಗ್ಗಿದೆ. ಗೇಣಿನ ಮೇಲೆ ನಾಲ್ಕು ಬೆರಳು ಎದ್ದು ನಿಂತಿತ್ತು.

"ಯವ್ವಾ, ಉಳದ ಗೂಟ ಯಾರರ ಮುಟ್ಟ್ಯಾರೇನು?" ಕಾವಲಿನವಳನ್ನು ಕರೆದು ಅವಳ ಮಾತಿನಲ್ಲೇ ಕೇಳಿದೆ.

"ನಾನರಿ ಅಕ್ಕಾರ," ಎಂದಳು ಹೆಮ್ಮೆಯಿಂದ. "ಮಳಿ ಬಂದಾಗೊಮ್ಮೆ ಮ್ಯಾಲೆ ಏಳತಿದ್ವು. ನಿಮಗ ಬೈತಾರಂತ ಗೇಣ ನೋಡಿ ಹೊಡದ ಹಾಕೀನ್ರಿ. ಮುಳ್ಳಾಗಿಂದು ಒಂದ ಬಿಟ್ಟೀನಿ, ಸಿಟ್ಟಾಗಬ್ಯಾಡ್ರಿ."

ಆಡು ಕಟ್ಟುವ ಗೂಟ ಸಡಿಲಾದರೆ ಬಡಿದು ಕೂರಿಸುವ ಕೈ ಅದು. ಗೂಟ ಯಾತಕ್ಕೆಂದು ನಾನು ಆಕೆಗೆ ಹೇಳಿಯೇ ಇರಲಿಲ್ಲ. ಬೈಯಲು ನನಗೆ ಮುಖವೆಲ್ಲಿತ್ತು? ಅಲ್ಲೇ ಕೂತು ಎಲ್ಲ ಬಿಡಿಸಿ ಹೇಳಿದೆ.

"ಮೂವತ್ತೊಂಬತ್ತರ ಮುಂದೆ ಒಂದು ಯಾವ ಲೆಕ್ಕ?" ಎಂದರು ಸಾಹೇಬರು.

"ಆ ಮೂವತ್ತೊಂಬತ್ತು ಸುತ್ತಿಗೆಯ ಅಳತೆ, ಸರ್. ಮಳೆಯದು ಇದೊಂದೇ."

ಅವರೆದುರೇ ಹಳೆಯ ಅಂಕಿಗಳನ್ನೆಲ್ಲ ಹೊಡೆದುಹಾಕಿದೆ. ಅಳತೆ ಕೆಟ್ಟಿದೆ, ತಪ್ಪು ನನ್ನದು, ಇನ್ನೊಂದು ಮಳೆಗಾಲ ನೋಡದೆ ಏನೂ ಹೇಳಲಾಗದು ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದೆ. ಕೆಲಸ ಹೋಗುತ್ತದೆ ಎಂದರು. ಹೋಗಲಿ ಎಂದೆ. ಹೋಯಿತು. ಇವತ್ತಿಗೂ ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ಮರುವರ್ಷದ ಮೊದಲ ದೊಡ್ಡ ಮಳೆ ನಿಂತ ಬೆಳಿಗ್ಗೆ, ನಾನಿದ್ದ ದಿಲ್‌ಸುಖ್‌ನಗರದಿಂದ ಬಸ್ಸು ಬದಲಿಸುತ್ತ ಗುಡ್ಡಕ್ಕೆ ಹೋದೆ. ಯಾರೂ ಕರೆದಿರಲಿಲ್ಲ. ಆಕೆ ಗೂಟಗಳ ನಡುವೆ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದಳು.

"ಸಾಹೇಬ್ರ ಮಂದಿ ಸುತ್ತಿಗಿ ತಗೊಂಡ ಬಂದಿದ್ರು. ಓಡಿಸೀನ್ರಿ," ಎಂದಳು. "ಒಂದೂ ಮುಟ್ಟಗೊಟ್ಟಿಲ್ಲ. ಬರ್ಕೊಳ್ರಿ ಅಕ್ಕಾರ."

ಬರೆದುಕೊಂಡೆ, ನಲವತ್ತನ್ನೂ.